ಸೈಲೆನ್ಸರ್ ಬದಲಿಸಿದ ಮೇಲೆ ಘಾಟಿ ಇಳಿಯುವಾಗ ಪಟಪಟ ಸದ್ದು: ಕಾರ್ಬುರೇಟರ್ ಮುಟ್ಟಬೇಕೇ?

ಪ್ರಶ್ನೆ

ನನ್ನ ಬಳಿ ಇರುವುದು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಯುಸಿಇ (ಎಂಜಿನ್ನೂ ಗೇರುಪೆಟ್ಟಿಗೆಯೂ ಒಂದೇ ಕವಚದಲ್ಲಿರುವ) ಎಂಜಿನ್ನಿನ ಗಾಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಲಕ್ಕೆ ಬಿದ್ದು ಸೈಲೆನ್ಸರ್ ನೆಗ್ಗಿಹೋಗಿದ್ದರಿಂದ, ಬೇರೆ ಕಂಪನಿಯ ಸ್ಟೇನ್‌ಲೆಸ್ ಸ್ಟೀಲಿನ ಸೈಲೆನ್ಸರೊಂದನ್ನು, ಎಂಜಿನ್ನಿನಿಂದ ಅದಕ್ಕೆ ಹೊಗೆ ಒಯ್ಯುವ ಬೆಂಡ್ ಪೈಪಿನ ಸಮೇತ ತರಿಸಿ, ಕಳೆದ ಭಾನುವಾರ ಮನೆಯಲ್ಲಿ ನಾನೇ ಜೋಡಿಸಿದೆ. ತುದಿಯಲ್ಲಿ ಸದ್ದು ತಗ್ಗಿಸುವ ಒಳಕೊಳವೆ ಇದ್ದು, ಅದನ್ನು ತೆಗೆದಿಲ್ಲ. ನಿಂತಲ್ಲಿ ಎಂಜಿನ್ ಸರಿಯಾಗಿಯೇ ಓಡುತ್ತದೆ. ಆದರೆ ವೇಗದಲ್ಲಿದ್ದಾಗ ಆಕ್ಸಲರೇಟರ್ ಬಿಟ್ಟ ಕೂಡಲೇ ಪಟ್ ಪಟ್ ಎಂದು ಸಿಡಿಯುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗಲಂತೂ ಮದುವೆ ದಿಬ್ಬಣದ ಹಿಂದೆ ಪಟಾಕಿ ಹಚ್ಚಿದಂತಾಗಿ ಮುಜುಗರವಾಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು, ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತಿನ ತುಣುಕಾದ ಮೇನ್ ಜೆಟ್ ದೊಡ್ಡದು ಹಾಕಿಸಿ ಎನ್ನುತ್ತಾರೆ. ಹಾಗೆ ಮಾಡಬಹುದೇ? ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹತ್ತಿರ ಹೊಸ ಪೈಪು ಹೊಂಬಣ್ಣಕ್ಕೂ ನೀಲಿಗೂ ತಿರುಗಿರುವುದು ಕೆಟ್ಟ ಲಕ್ಷಣವೇ?

ಉತ್ತರ

ಜೆಟ್ಟಿನ ಮಾತು ಆಮೇಲೆ. ಆಕ್ಸಲರೇಟರ್ ಬಿಟ್ಟಾಗ ಮಾತ್ರ ಸದ್ದು ಬರುತ್ತದೆ ಎಂದಿದ್ದೀರಿ, ಅದೇ ಇಲ್ಲಿ ಮುಖ್ಯವಾದ ಸುಳಿವು. ಮೇನ್ ಜೆಟ್ ಕೆಲಸಕ್ಕೆ ಬರುವುದು ಆಕ್ಸಲರೇಟರ್ ಬಹುಪಾಲು ತೆರೆದಿರುವಾಗ. ಮುಚ್ಚಿರುವಾಗ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಆದ್ದರಿಂದ ಮೇನ್ ಜೆಟ್ ಬದಲಿಸಿದರೆ ನಿಮ್ಮ ಸಮಸ್ಯೆ ಹಾಗೆಯೇ ಉಳಿದು, ಮೈಲೇಜ್ ಮಾತ್ರ ಇಳಿಯುತ್ತದೆ.

ಎಂಜಿನ್ ಹೊಗೆಯನ್ನು ಒಂದೇ ಸಮನೆ ದೂಡುವುದಿಲ್ಲ, ಮಿಡಿತ ಮಿಡಿತವಾಗಿ ದೂಡುತ್ತದೆ. ಎರಡು ಮಿಡಿತಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುವ ಗಳಿಗೆಗಳಿರುತ್ತವೆ. ಆಕ್ಸಲರೇಟರ್ ಮುಚ್ಚಿ ಗೇರಿನಲ್ಲೇ ಇಳಿಜಾರು ಇಳಿಯುವಾಗ, ಸಿಲಿಂಡರಿಗೆ ಹೋಗುವ ಅಲ್ಪ ಮಿಶ್ರಣ ಪೂರ್ತಿ ಉರಿಯದೆ ಪೈಪಿಗೆ ಬಂದುಬಿಡುತ್ತದೆ. ಆ ಹೊತ್ತಿನಲ್ಲಿ ಜೋಡಣೆಯ ಸಂದಿನಿಂದ ಹೊರಗಾಳಿ ಒಳಗೆ ಸೇರಿಕೊಂಡರೆ, ಕಾದ ಪೈಪಿನೊಳಗೇ ಅದು ಹೊತ್ತಿ ಸಿಡಿಯುತ್ತದೆ. ನೀವು ಕೇಳುತ್ತಿರುವುದು ಬಹುಶಃ ಅದೇ ಸದ್ದು. ಮನೆಯಲ್ಲಿ ಮಾಡಿದ ಜೋಡಣೆಯಲ್ಲಿ ಇದಕ್ಕೆ ಮೊದಲ ಕಾರಣ ಸೋರಿಕೆ, ಮಿಶ್ರಣವಲ್ಲ.

ಎಂಜಿನ್ ತಣ್ಣಗಿರುವಾಗ ಪರೀಕ್ಷಿಸಿ. ಸ್ಟಾರ್ಟ್ ಮಾಡಿ, ಊದುಬತ್ತಿಯೊಂದನ್ನು ಹಚ್ಚಿ ಹೆಡ್ಡಿಗೆ ಬೆಂಡ್ ಪೈಪ್ ಸೇರುವ ಜಾಗದ ಸುತ್ತ ನಿಧಾನವಾಗಿ ಆಡಿಸಿ. ಆಮೇಲೆ ಬೆಂಡ್ ಪೈಪಿಗೆ ಸೈಲೆನ್ಸರ್ ಸೇರುವ ಕ್ಲ್ಯಾಂಪಿನ ಬಳಿ ಹಾಗೆಯೇ ಮಾಡಿ. ಹೊಗೆ ನೇರವಾಗಿ ಮೇಲೇರಿದರೆ ಆ ಜಾಗ ಸರಿಯಿದೆ. ಬಡಬಡನೆ ಚದುರಿದರೆ ಅಲ್ಲೇ ಸೋರಿಕೆ. ಪೆಟ್ರೋಲ್ ಟ್ಯಾಂಕಿಗೂ ಕಾರ್ಬುರೇಟರಿಗೂ ಹತ್ತಿರ ಕಿಡಿ ಒಯ್ಯಬೇಡಿ. ಪೆಟ್ರೋಲಿನ ವಾಸನೆ ಇದ್ದರೆ ಊದುಬತ್ತಿಯ ಯೋಚನೆ ಬಿಟ್ಟು ಸೋಪಿನ ನೀರನ್ನೇ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎರಡನೆಯ ಪರೀಕ್ಷೆಗೆ, ದಪ್ಪ ಒದ್ದೆಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಎರಡು ಮೂರು ಸೆಕೆಂಡು ಒತ್ತಿಹಿಡಿಯಿರಿ. ಬಿಗಿಯಾದ ಜೋಡಣೆಯಾಗಿದ್ದರೆ ಎಂಜಿನ್ ಉಸಿರುಕಟ್ಟಿ ನಿಲ್ಲುವ ಹಂತಕ್ಕೆ ಬರುತ್ತದೆ. ಇಲ್ಲದಿದ್ದರೆ ಸಂದಿನಿಂದ ಬುಸ್ ಎಂಬ ಸದ್ದು ಕೇಳಿಸುತ್ತದೆ. ಇವನ್ನೆಲ್ಲ ಬಯಲಿನಲ್ಲಿ ಮಾಡಿ, ಬಾಗಿಲು ಹಾಕಿದ ಶೆಡ್ಡಿನಲ್ಲಿ ಬೇಡ.

ಬಣ್ಣದ ಬಗ್ಗೆ ಹೇಳುವುದಾದರೆ, ಸ್ಟೇನ್‌ಲೆಸ್ ಸ್ಟೀಲು ಕಾದಾಗ ಹೊಂಬಣ್ಣ, ಆಮೇಲೆ ನೀಲಿ ಬರುವುದು ಸಹಜ. ಆದರೆ ಜೋಡಿಸುವಾಗಿನ ಎಣ್ಣೆಗೈಯ ಬೆರಳಚ್ಚು ಮಾತ್ರ ಮೊದಲ ಸಲ ಕಾಯುವಾಗಲೇ ಸುಟ್ಟು ಕಲೆಯಾಗಿ ಉಳಿಯುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡುವ ಮುನ್ನ ಪೈಪನ್ನು ಸ್ಪಿರಿಟ್ಟಿನಿಂದ ಒರೆಸಿ, ಅದು ಪೂರ್ತಿ ಆರಲು ಬಿಡಿ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಕ್ಲ್ಯಾಂಪಿನ ಬಳಿ ಹೊಗೆ ಕದಲಲಿಲ್ಲ. ಹೆಡ್ಡಿನ ಬಳಿ, ಅದರಲ್ಲೂ ಕೆಳಭಾಗದಲ್ಲಿ, ಚದುರಿಹೋಯಿತು. ಟಾರ್ಚ್ ಹಿಡಿದು ನೋಡಿದಾಗ ಅಲ್ಲಿ ಉಗುರಿನಗಲದ ಮಸಿ ಕಾಣಿಸಿತು. ಸಂದು ಮುಚ್ಚುವ ಗ್ಯಾಸ್ಕೆಟ್ಟನ್ನು ಹೊಸದೇ ಹಾಕಿದ್ದೇನೆ, ನಟ್ಟುಗಳನ್ನು ಇನ್ನಷ್ಟು ಬಿಗಿ ಮಾಡಿದರೆ ಸಾಕೇ?

ಉತ್ತರ

ದಯವಿಟ್ಟು ಹಾಗೆ ಬಿಗಿ ಮಾಡಬೇಡಿ. ಹೆಡ್ ಅಲ್ಯೂಮಿನಿಯಮ್ಮಿನದು, ನಟ್ಟು ಕೂರುವ ತಿರುಪುಕಡ್ಡಿ, ಅಂದರೆ ಸ್ಟಡ್, ಉಕ್ಕಿನದು. ಬಲ ಹೆಚ್ಚಾದರೆ ಸ್ಟಡ್ ಮುರಿಯುತ್ತದೆ ಅಥವಾ ಹೆಡ್ಡಿನ ಮರೆಯೇ (ತಿರುಪಿನ ಸುತ್ತುಗೆರೆಗಳೇ) ಕಿತ್ತುಬರುತ್ತದೆ. ಐನೂರು ರೂಪಾಯಿಯೂ ಆಗದ ಕೆಲಸ ಅಲ್ಲಿಂದ ಲೇತ್ ಅಂಗಡಿಗೆ ಹೋಗುತ್ತದೆ.

ನನ್ನ ಅನುಮಾನ ಬೇರೆಯೇ ಇದೆ. ಹೊಸ ಗ್ಯಾಸ್ಕೆಟ್ ಹಾಕುವ ಮುನ್ನ ಹಳೆಯದನ್ನು ತೆಗೆದಿರಾ? ಅದು ಉಂಗುರದಂತಹ ಮೆತುಲೋಹದ ವಸ್ತು; ವರ್ಷಗಟ್ಟಲೆ ಬೆಂದು, ಚಪ್ಪಟೆಯಾಗಿ, ಕರಿಹಿಡಿದು ಹೆಡ್ಡಿನದೇ ಭಾಗವೆಂಬಂತೆ ಕಾಣುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಬೆಂಡ್ ಪೈಪ್ ತನ್ನ ಜಾಗಕ್ಕೆ ಪೂರ್ತಿ ಹೋಗದೆ ಓರೆಯಾಗಿ ನಿಲ್ಲುತ್ತದೆ. ಮೊದಲ ಬಾರಿ ಈ ಕೆಲಸ ಮಾಡುವವರೆಲ್ಲರೂ ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೇನೆ.

ಎಂಜಿನ್ ಪೂರ್ತಿ ತಣಿದ ಮೇಲೆ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇರಲಿ. ಬಿಚ್ಚುವಾಗ ನಟ್ಟು ಹಿಡಿದುಕೊಂಡರೆ ಒಂದೇ ಸಮನೆ ಎಳೆಯದೆ, ಸ್ವಲ್ಪ ಬಿಚ್ಚಿ ಮತ್ತೆ ಸ್ವಲ್ಪ ಬಿಗಿದು, ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೊರತನ್ನಿ. ಪೈಪನ್ನು ಇಳಿಸಿದ ಬಳಿಕ ಹೆಡ್ಡಿನಲ್ಲಿ ಹೊಗೆ ಹೊರಬರುವ ತೂತಾದ ಪೋರ್ಟಿನೊಳಗೆ ಬಟ್ಟೆಯ ತುಣುಕೊಂದನ್ನು ತುರುಕಿ; ಇಲ್ಲದಿದ್ದರೆ ಕೆರೆದ ಚೂರು ವಾಲ್ವಿನ ಕಡೆಗೆ ಹೋಗುತ್ತದೆ. ಬಟ್ಟೆಯ ಒಂದು ತುದಿ ಹೊರಗೆ ಕಾಣುವಂತಿರಲಿ, ಅದನ್ನು ಒಳಗೇ ಮರೆತವರೂ ಇದ್ದಾರೆ. ತುದಿ ಬಾಗಿದ ಸಪೂರ ಮೊಳೆಯಿಂದ ಉಂಗುರದ ಅಂಚನ್ನು ಹಿಡಿದು ಎಳೆಯಿರಿ. ಉಳಿ ಸುತ್ತಿಗೆ ಬೇಡ. ಗ್ಯಾಸ್ಕೆಟ್ ಕೂರುವ ಅಂಚಿಗೆ ಗೀರು ಬಿದ್ದರೆ ಮತ್ತೆ ಸೋರುತ್ತದೆ. ಒಮ್ಮೆ ಒತ್ತಿಸಿಕೊಂಡ ಗ್ಯಾಸ್ಕೆಟ್ಟನ್ನು ಮರಳಿ ಬಳಸುವಂತಿಲ್ಲ, ಇನ್ನೊಂದು ತನ್ನಿ.

ಜೋಡಿಸುವಾಗ ಕ್ರಮ ಮುಖ್ಯ. ಹೆಡ್ಡಿನ ನಟ್ಟು, ನಡುವಿನ ಕ್ಲ್ಯಾಂಪ್, ಹಿಂದಿನ ಬ್ರಾಕೆಟ್ಟಿನ ಬೋಲ್ಟು, ಎಲ್ಲವನ್ನೂ ಮೊದಲು ಕೈಯಿಂದಷ್ಟೇ ತಿರುಗಿಸಿ ಸಡಿಲವಾಗಿ ನಿಲ್ಲಿಸಿ. ಬ್ರಾಕೆಟ್ಟಿನ ಬೋಲ್ಟು ತೂತಿನೊಳಗೆ ತಾನಾಗಿ ಜಾರಬೇಕು. ಸೈಲೆನ್ಸರನ್ನು ಮೊಣಕಾಲಿನಿಂದ ದೂಡಿ ತೂರಿಸಿದರೆ ಆ ಒತ್ತಡವೆಲ್ಲ ಹೆಡ್ಡಿನ ಸ್ಟಡ್ಡಿನ ಮೇಲೆ ಬೀಳುತ್ತದೆ; ಅಂತರ ಉಳಿದರೆ ವಾಷರ್ ಕೊಟ್ಟು ತುಂಬಿಸಿ. ಸ್ಟಡ್ಡಿನ ಮರೆಗೆ ತಾಮ್ರದ ಗ್ರೀಸನ್ನು ತೆಳ್ಳಗೆ ಸವರಿದರೆ ಮುಂದಿನ ಬಾರಿ ಬಿಚ್ಚುವುದು ಸುಲಭ. ಆಮೇಲೆ ಹೆಡ್ಡಿನ ಎರಡು ನಟ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಒಂದಾದ ಮೇಲೊಂದು ಬಿಗಿ ಮಾಡಿ. ಎರಡೂ ಬದಿ ಫ್ಲ್ಯಾಂಜಿಗೂ (ನಟ್ಟುಗಳು ಒತ್ತಿಹಿಡಿಯುವ ಪೈಪಿನ ಪಟ್ಟಿಗೂ) ಹೆಡ್ಡಿಗೂ ನಡುವಿನ ಸಂದು ಸಮವಾಗಿದೆಯೇ ಎಂದು ಹಳೆಯ ಎಟಿಎಂ ಕಾರ್ಡು ತೂರಿಸಿ ನೋಡಿಕೊಳ್ಳಿ. ಟಾರ್ಕ್ ಸ್ಪಾನರ್ ಇದ್ದರೆ ಸರ್ವಿಸ್ ಮ್ಯಾನ್ಯುಯಲ್ಲಿನ ಅಳತೆಯನ್ನೇ ಪಾಲಿಸಿ. ಹೆಡ್ ಮುಗಿದ ಮೇಲೆ ಕ್ಲ್ಯಾಂಪ್, ಕೊನೆಗೆ ಬ್ರಾಕೆಟ್. ಕ್ಲ್ಯಾಂಪಿನ ಕೆಳಗೆ ಪೈಪಿನ ಸೀಳುಗಳೆಲ್ಲ ಮುಚ್ಚಿರಬೇಕು. ಹೊಸ ಬೆಂಡ್ ಪೈಪು ಬ್ರೇಕ್ ಪೆಡಲಿಗೆ ತಾಗುತ್ತದೆಯೇ ಎಂದು ಕಾಲಿನಿಂದ ಒತ್ತಿ ನೋಡದೆ ಗಾಡಿ ಹೊರತೆಗೆಯಬೇಡಿ.

ಮತ್ತೊಬ್ಬರ ಪ್ರಶ್ನೆ

ನನ್ನದು ಬಿಎಸ್ 6 ಹೊಗೆ ನಿಯಮದ ಹೊಸ ಗಾಡಿ. ಇದೇ ಕ್ರಮ ನನಗೂ ಹೊಂದುತ್ತದೆಯೇ?

ಉತ್ತರ

ಬಿಗಿಯುವ ಕ್ರಮ ಹೊಂದುತ್ತದೆ, ಉಳಿದದ್ದು ಹೊಂದುವುದಿಲ್ಲ. ನಿಮ್ಮ ಗಾಡಿಯಲ್ಲಿ ಹೊಗೆಯ ಹಾದಿಯಲ್ಲಿ ಆಮ್ಲಜನಕದ ಸೆನ್ಸರ್ ಇದೆ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಸೆನ್ಸರಿಗೂ ಎಂಜಿನ್ನಿಗೂ ನಡುವೆ ಸಣ್ಣ ಸೋರಿಕೆ ಇದ್ದರೂ ಹೊರಗಾಳಿಯನ್ನು ಕಂಡು ಮಿಶ್ರಣ ತೆಳುವಾಗಿದೆಯೆಂದು ತಿಳಿದು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಪೆಟ್ರೋಲನ್ನು ಹೆಚ್ಚಿಸುತ್ತದೆ. ಕನ್ವರ್ಟರ್ ಇಲ್ಲದ ಪೈಪು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದವರಿಗೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಮೂರು ತಿಂಗಳು ಲೈಸೆನ್ಸ್ ಹೊಂದುವ ಅರ್ಹತೆಯೂ ಹೋಗುತ್ತದೆ. ಒಳಕೊಳವೆ ತೆಗೆದು ಊರು ಎಬ್ಬಿಸುವವರ ಸೈಲೆನ್ಸರುಗಳನ್ನು ಕಿತ್ತು ಪೊಲೀಸರು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನಮ್ಮ ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ, ಮೂಲ ಸೈಲೆನ್ಸರಿನಷ್ಟೇ ಸದ್ದು ಮಾಡುವುದನ್ನು ಆರಿಸಿಕೊಳ್ಳುವುದು ಜಾಣತನ.

ಪ್ರಶ್ನೆ ಕೇಳಿದವರಿಂದ

ನಿಮ್ಮ ಅನುಮಾನವೇ ನಿಜವಾಯಿತು. ಹಳೆಯ ಉಂಗುರ ಒಳಗೇ ಇತ್ತು; ಮೊಳೆಯ ಕೊಕ್ಕೆಗೆ ಸಿಕ್ಕಿ ಮೂರು ತುಂಡಾಗಿ ಬಂತು, ಕಾಗದದಷ್ಟು ತೆಳ್ಳಗಾಗಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ನೀವು ಹೇಳಿದ ಕ್ರಮದಲ್ಲೇ ಬಿಗಿದೆ. ಈಗ ಎಟಿಎಂ ಕಾರ್ಡು ಎರಡೂ ಕಡೆ ಒಂದೇ ಆಳಕ್ಕೆ ಹೋಗುತ್ತದೆ. ನಿನ್ನೆ ಮತ್ತೆ ಘಾಟಿ ಇಳಿದೆ; ಮಾರನಹಳ್ಳಿಯ ಇಳಿಜಾರಿನಲ್ಲಿ ಒಂದೆರಡು ಸಲ ಸಣ್ಣಗೆ ಪುಟ್ ಎಂದದ್ದು ಬಿಟ್ಟರೆ ಸದ್ದಿಲ್ಲ. ಅಷ್ಟೂ ಇರಬಾರದೇ?

ಉತ್ತರ

ಅಷ್ಟು ಇದ್ದರೆ ಚಿಂತೆಯಿಲ್ಲ. ಹೊಸ ಗ್ಯಾಸ್ಕೆಟ್ ಕಾದು ತಣಿದಾಗ ಇನ್ನೊಂದಿಷ್ಟು ಒತ್ತಿಕೊಳ್ಳುತ್ತದೆ, ಆದ್ದರಿಂದ ನೂರು ಕಿಲೋಮೀಟರ್ ಆದ ಮೇಲೆ ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಒಮ್ಮೆ ನೋಡಿ. ಸಾಮಾನ್ಯವಾಗಿ ಕಾಲು ಸುತ್ತು ಸಿಗುತ್ತದೆ. ಆಗಲೇ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಕಾರ್ಬುರೇಟರನ್ನು ಹಾಗೆಯೇ ಬಿಡಿ. ಸುಣ್ಣದಂತೆ ಬೆಳ್ಳಗಿದ್ದರೆ, ಅಂದರೆ ಪೆಟ್ರೋಲ್ ಕಡಿಮೆಯಿರುವ ಗುರುತು ಕಂಡರೆ ಮಾತ್ರ, ಆಕ್ಸಲರೇಟರ್ ಮುಚ್ಚಿರುವಾಗಿನ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ಈಗ ಎಷ್ಟು ಸುತ್ತಿನಲ್ಲಿದೆ ಎಂದು ಬರೆದಿಟ್ಟುಕೊಂಡು ಇಲ್ಲಿ ತಿಳಿಸಿ, ಮುಂದಿನದನ್ನು ನೋಡೋಣ.