ಫೈಲ್ ಅಳಿಸಿದರೂ ನ್ಯಾಸ್‌ನಲ್ಲಿ ಜಾಗ ವಾಪಸ್ ಬರುತ್ತಿಲ್ಲ, ಏನು ಮಾಡಲಿ?

ಭತ್ತದೂರವನು:
ಗಂಗಾವತಿ ಹತ್ತಿರ ಒಂದು ರೈಸ್ ಮಿಲ್‌ನ ಕಂಪ್ಯೂಟರ್ ಕೆಲಸ ನಂದೇ. ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರ್) ಹಾಕಿದ ಎರಡು ಸರ್ವರ್, ಒಂದು ನ್ಯಾಸ್ (ನೆಟ್‌ವರ್ಕ್ ಮೇಲಿನ ಸ್ಟೋರೇಜ್ ಪೆಟ್ಟಿಗೆ). ವಿಎಂ ಡಿಸ್ಕ್‌ಗಳೆಲ್ಲ ನ್ಯಾಸ್‌ನಲ್ಲಿ, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವಿಧಾನ) ಮೇಲೆ ಕ್ಯೂಕೌ2 ಅನ್ನುವ ಬಗೆಯ ಡಿಸ್ಕ್ ಫೈಲ್‌ಗಳು. ನ್ಯಾಸ್‌ನಲ್ಲಿ ಇರುವುದು 2 ಟಿಬಿ, ಥಿನ್ (ಬರೆದಷ್ಟಕ್ಕೆ ಮಾತ್ರ ಜಾಗ ಹಿಡಿಯುವ ಡಿಸ್ಕ್) ಅಲ್ವಾ ಅಂತ ಧೈರ್ಯ ಮಾಡಿ ನಾಲ್ಕು ವಿಎಂಗೆ ತಲಾ 800 ಜಿಬಿ ಕೊಟ್ಟಿದ್ದೆ.

ಮೊನ್ನೆ ಬೆಳಿಗ್ಗೆ ವೇಬ್ರಿಡ್ಜ್‌ನಲ್ಲಿ ತೂಕ ತೋರಿಸುತ್ತಿದೆ, ಚೀಟಿ ಮಾತ್ರ ಬರುತ್ತಿಲ್ಲ. ಭತ್ತದ ಲಾರಿಗಳು ಗೇಟಿನಿಂದ ರಸ್ತೆವರೆಗೆ ನಿಂತಿವೆ, ಸಾಹುಕಾರರ ಫೋನ್ ಮೇಲೆ ಫೋನ್. ನೋಡಿದರೆ ಬಿಲ್ಲಿಂಗ್ ವಿಎಂ ಮೇಲೆ ಹಳದಿ ತ್ರಿಕೋನ, ಐಓ ಎರರ್ (ಡಿಸ್ಕ್‌ನಲ್ಲಿ ಓದಲು, ಬರೆಯಲು ಆಗದ ದೋಷ). ನ್ಯಾಸ್ ಪೂರ್ತಿ ತುಂಬಿತ್ತು. ಹಳೇ ಐಎಸ್‌ಓ ಫೈಲ್ ತೆಗೆದು ಹೇಗೋ ಎಬ್ಬಿಸಿದೆ, ಆಮೇಲೆ ವಿಂಡೋಸ್ ಒಳಗೆ ಹಳೇ ಬ್ಯಾಕಪ್ 400 ಜಿಬಿಗಿಂತ ಜಾಸ್ತಿ ಅಳಿಸಿದೆ. ಈಗ ವಿಂಡೋಸ್ ಬಳಕೆಯಲ್ಲಿರುವುದು 290 ಜಿಬಿ ಅನ್ನುತ್ತದೆ, ನ್ಯಾಸ್‌ನಲ್ಲಿ ಅದೇ ಫೈಲ್ ಇನ್ನೂ 780 ಜಿಬಿ!

ಬಳ್ಳಾರಿ ಬಿಸಿಲು:
ನೀವು ಅಳಿಸಿದ್ದು ವಿಂಡೋಸ್‌ಗೆ ಮಾತ್ರ ಗೊತ್ತು. ಅದು ತನ್ನ ಪಟ್ಟಿಯಲ್ಲಿ ಹೆಸರು ಹೊಡೆದು ಹಾಕಿತು, ಅಷ್ಟೇ. ಆ ಬ್ಲಾಕ್ ಇನ್ನು ಬೇಡ ಅಂತ ಕೆಳಗಿನವರೆಗೆ ಯಾರಾದರೂ ಹೇಳಬೇಕು, ಅದೇ ಡಿಸ್ಕಾರ್ಡ್, ಟ್ರಿಮ್ ಅಂದರೂ ಅದೇ.

ವಿಎಂನ ಹಾರ್ಡ್‌ವೇರ್‌ನಲ್ಲಿ ಡಿಸ್ಕ್ ತೆರೆದು ಡಿಸ್ಕಾರ್ಡ್ ಟಿಕ್ ಮಾಡಿ. ಡಿಸ್ಕ್ ಜೋಡಿಸುವ ಕಂಟ್ರೋಲರ್ ವರ್ಟ್‌ಐಓ ಸ್ಕಸಿ ಅನ್ನುವ ಬಗೆಯದಿರಲಿ. ಈಗ ಬೇರೆ ಇದ್ದರೆ ಅವಸರ ಬೇಡ, ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ನಾನು ಒಂದು ರಾತ್ರಿ ಪೂರ್ತಿ ಅದರ ಮುಂದೆ ಕೂತಿದ್ದೇನೆ. ಮೊದಲು ಸುಮ್ನೆ 1 ಜಿಬಿಯ ಒಂದು ಸ್ಕಸಿ ಡಿಸ್ಕ್ ಸೇರಿಸಿ, ವಿಂಡೋಸ್‌ನಲ್ಲಿ ಡ್ರೈವರ್ ಹಾಕಿ, ಆಮೇಲೆ ಮುಖ್ಯ ಡಿಸ್ಕ್ ಬದಲಿಸಿ, ಬೂಟ್ ಆರ್ಡರ್ ಕೂಡ ನೋಡಿಕೊಳ್ಳಿ. ಒಳಗಿಂದ ರೀಸ್ಟಾರ್ಟ್ ಮಾಡಿದರೆ ಸಾಲದು, ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು. ಕೊನೆಗೆ ವಿಂಡೋಸ್‌ನಲ್ಲಿ ಆಪ್ಟಿಮೈಸ್ ಡ್ರೈವ್ಸ್ ಓಡಿಸಿ. ಲಿನಕ್ಸ್ ವಿಎಂ ಆದರೆ ಎಫ್‌ಎಸ್‌ಟ್ರಿಮ್ ಕಮಾಂಡ್ ಸಾಕು.

ರಾಯಚೂರಿನ ಅಡ್ಮಿನ್:
ಸ್ನ್ಯಾಪ್‌ಶಾಟ್ (ಡಿಸ್ಕ್ ಒಂದು ಹೊತ್ತಿನಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟದ್ದು) ಇದೆಯಾ ನೋಡಿ ಮೊದಲು. ಇದ್ದರೆ ಹಳೇ ಬ್ಲಾಕ್‌ಗಳನ್ನು ಅದು ಹಿಡಿದುಕೊಂಡೇ ಇರುತ್ತದೆ, ಎಷ್ಟು ಟ್ರಿಮ್ ಮಾಡಿದರೂ ಉಪಯೋಗ ಇಲ್ಲ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ ಮಾರಾಯ್ರೇ, ಅದೂ ಅದೇ ನ್ಯಾಸ್‌ನಲ್ಲೇ ಕೂತಿರುತ್ತದೆ.

ಇನ್ನೊಂದು, ಡಿಸ್ಕ್ ಸೈಜ್ ಕಡಿಮೆ ಮಾಡಲು ಹೋಗಬೇಡಿ. ಪ್ರಾಕ್ಸ್‌ಮಾಕ್ಸ್‌ನ ರೀಸೈಜ್ ಹೆಚ್ಚಿಸುವುದಕ್ಕೆ ಮಾತ್ರ.

ಭತ್ತದೂರವನು:
ಸ್ನ್ಯಾಪ್‌ಶಾಟ್ ಒಂದು ಇತ್ತು, ಕಳೆದ ವರ್ಷ ಅಪ್‌ಡೇಟ್‌ಗೆ ಮುಂಚೆ ತೆಗೆದು ಮರೆತಿದ್ದೆ. ಈಗ ಅದನ್ನು ಅಳಿಸಿದೆ. ಡಿಸ್ಕಾರ್ಡ್ ಹಾಕಿದೆ, ವಿಂಡೋಸ್ ಈಗ ಥಿನ್ ಪ್ರೊವಿಷನ್ಡ್ ಡ್ರೈವ್ ಅಂತ ತೋರಿಸುತ್ತದೆ, ಆಪ್ಟಿಮೈಸ್ ಕೂಡ ಮುಗಿಯಿತು. ಫೈಲ್ ಮಾತ್ರ ಒಂದು ಜಿಬಿನೂ ಇಳಿದಿಲ್ಲ.

ಬಳ್ಳಾರಿ ಬಿಸಿಲು:
ಎನ್‌ಎಫ್‌ಎಸ್ ಯಾವ ವರ್ಷನ್‌ನಲ್ಲಿ ಮೌಂಟ್ ಆಗಿದೆ (ಸರ್ವರ್‌ಗೆ ಜೋಡಣೆಯಾಗಿದೆ)? ಫೈಲ್ ಮಧ್ಯೆ ತೂತು ಕೊರೆದು ಜಾಗ ಬಿಡುವುದು 4.2ರಲ್ಲಿ ಮಾತ್ರ. 3 ಇದ್ದರೆ ವಿಂಡೋಸ್ ಹೇಳಿದ್ದು ಅಲ್ಲಿಗೇ ನಿಂತುಬಿಡುತ್ತದೆ. ನ್ಯಾಸ್‌ಗೇ 4.2 ಬರದಿದ್ದರೆ ಡಿಸ್ಕನ್ನು ಬೇರೆ ಸ್ಟೋರೇಜ್‌ಗೆ ಮೂವ್ ಮಾಡಿ ವಾಪಸ್ ತರುವುದೇ ದಾರಿ.

ಭತ್ತದೂರವನು:
3 ಇತ್ತು! ಭಾನುವಾರ ಮಿಲ್ ಬಂದ್ ಇದ್ದಾಗ ಎಲ್ಲಾ ವಿಎಂ ಆಫ್ ಮಾಡಿ, 4.2 ಹಾಕಿ ಮತ್ತೆ ಮೌಂಟ್ ಮಾಡಿದೆ. ಆಪ್ಟಿಮೈಸ್ ಇನ್ನೊಮ್ಮೆ ಓಡಿಸಿದೆ. 780 ಇದ್ದದ್ದು 310ಕ್ಕೆ ಬಂತು.

ರಾಯಚೂರಿನ ಅಡ್ಮಿನ್:
ಸರಿ, ಆದರೆ 2 ಟಿಬಿಯಲ್ಲಿ 3.2 ಟಿಬಿ ಹಂಚಿದ್ದು ಹಾಗೇ ಇದೆಯಲ್ಲ. ನ್ಯಾಸ್ 80% ದಾಟಿದರೆ ಮೇಲ್ ಬರುವ ಹಾಗೆ ಇವತ್ತೇ ಮಾಡಿ.

ಭತ್ತದೂರವನು:
ಮಾಡಿದೆ, ಮೇಲ್ ಸಾಹುಕಾರರಿಗೂ ಹೋಗುತ್ತದೆ. ಹೊಸ ಡಿಸ್ಕ್‌ಗೆ ದುಡ್ಡು ಕೇಳುವುದು ಸುಲಭ ಆಗಲಿ ಅಂತ.