ದಾಳ್ ಢೋಕ್ಳಿ ಮನೆಯಲ್ಲಿ ಮಾಡುವವರು ಹೇಗೆ ಮಾಡುತ್ತೀರಿ?

ಪತಿಗೆ ವರ್ಗವಾಗಿ ಈ ವರ್ಷ ಅಹಮದಾಬಾದಿಗೆ ಬಂದಿದ್ದೇವೆ. ಜ್ವರ ಬಿಟ್ಟು ಎದ್ದ ಮಗಳಿಗೆಂದು ಪಕ್ಕದ ಮನೆಯ ಬಾ (ಇಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ) ಒಂದು ಪಾತ್ರೆ ದಾಳ್ ಢೋಕ್ಳಿ, ಅಂದರೆ ಬೇಳೆಯಲ್ಲಿ ಬೇಯಿಸಿದ ಗೋಧಿಹಿಟ್ಟಿನ ಹೋಳುಗಳ ಅಡುಗೆ, ಕಳಿಸಿದ್ದರು. ಏನು ಕೊಟ್ಟರೂ ಬೇಡವೆನ್ನುತ್ತಿದ್ದ ಹುಡುಗಿ ಅದನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು. ಈಗ ನಾನೇ ಮಾಡಬೇಕೆಂದಿದ್ದೇನೆ. ಬಾ ಅವರದು ಎಲ್ಲವೂ ಕೈ ಅಂದಾಜು, ನನ್ನ ಗುಜರಾತಿಯೋ ಇನ್ನೂ ಅಷ್ಟಕ್ಕಷ್ಟೆ. ಹೋಳುಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಮಾಡುವುದು ಹೇಗೆ? ಬೆಲ್ಲ ಎಷ್ಟು ಹಾಕಬೇಕು? ಹುಳಿಗೆ ಹಾಕುವ ಕೋಕಮ್ ಇಲ್ಲದಿದ್ದರೆ ನಡೆಯುತ್ತದೆಯೇ? ರೂಢಿ ಇರುವವರು ದಯವಿಟ್ಟು ತಿಳಿಸಿ.

ವಡೋದರದಿಂದ

ಮಗಳು ಹೊಟ್ಟೆ ತುಂಬ ತಿಂದಳೆಂದು ಓದಿ ಸಂತೋಷವಾಯಿತು. ನಾನು ಧಾರವಾಡದವಳು, ಮದುವೆಯಾಗಿ ಬಂದದ್ದು ಇಲ್ಲಿನ ಗುಜರಾತಿ ಮನೆಗೆ. ಈ ಅಡುಗೆ ಅತ್ತೆಯ ಪಕ್ಕದಲ್ಲಿ ನಿಂತು ಕಲಿತದ್ದು. ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಇದನ್ನು ಮಾಡಿದರೆ ಅಂದು ಬೇರೆ ಅಡುಗೆ ಇಲ್ಲ.

ನನ್ನ ಅನುಭವದಲ್ಲಿ ಇದರ ಜೀವವೆಲ್ಲ ನೀರಿನಲ್ಲಿದೆ. ನಾಲ್ಕು ಜನಕ್ಕೆ ಮುಕ್ಕಾಲು ಲೋಟ ತೊಗರಿಬೇಳೆ, ಒಂದು ಲೋಟ ಗೋಧಿಹಿಟ್ಟು ಸಾಕು. ಆದರೆ ನೀರು ಎಲ್ಲ ಸೇರಿ ಐದರಿಂದ ಆರು ಲೋಟ ಬೇಕು. ಬೇಳೆಯನ್ನು ಮೆತ್ತಗೆ ಬೇಯಿಸಿ, ಒಂದು ಕಾಳೂ ಉಳಿಯದಂತೆ ಕಡೆಗೋಲಿನಿಂದ ಕಡೆದು, ನೀರು ಬೆರೆಸಿ ಒಲೆಗಿಟ್ಟಾಗ ಅದು ಸಾಂಬಾರಿಗಿಂತ ಬಹಳ ತೆಳ್ಳಗಿರಬೇಕು. ಇಷ್ಟು ನೀರಾಯಿತೇ ಎಂದು ಅನುಮಾನ ಬಂದರೆ ಹದ ಸರಿಯಿದೆ ಎಂದೇ ಅರ್ಥ. ಹಸಿ ಹಿಟ್ಟಿನ ಹೋಳುಗಳು ಬೇಯುತ್ತ ನೀರು ಕುಡಿಯುತ್ತವೆ, ಅವುಗಳ ಮೇಲಿನ ಹಿಟ್ಟು ಕರಗಿ ಬೇಳೆ ತಾನಾಗಿ ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿದ ಮೇಲೂ ಗಟ್ಟಿಯಾಗುತ್ತಲೇ ಇರುತ್ತದೆ. ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಂಡಿರಿ. ನಡುವೆ ತಣ್ಣೀರು ಹೊಯ್ದರೆ ಕುದಿ ಅಡಗಿ ಹೋಳುಗಳು ತಳಕ್ಕೆ ಕೂರುತ್ತವೆ.

ಹಿಟ್ಟಿಗೆ ಎರಡು ಚಮಚ ಕಡಲೆಹಿಟ್ಟು, ಅಂಗೈಯಲ್ಲಿ ತಿಕ್ಕಿದ ಓಮ, ಅರಿಶಿನ, ಖಾರದ ಪುಡಿ, ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ತೆಳ್ಳಗೆ ಲಟ್ಟಿಸಿ ಶಂಕರಪೋಳಿಯ ಆಕಾರದಲ್ಲಿ ಕತ್ತರಿಸಿ. ಅತ್ತೆ ಲಟ್ಟಿಸಿದ್ದನ್ನು ಕಾದ ಹಂಚಿನ ಮೇಲೆ ಎರಡೂ ಬದಿ ಕ್ಷಣಕಾಲ ಬಿಸಿ ಮಾಡಿ, ಆಮೇಲೆ ಕತ್ತರಿಸುತ್ತಿದ್ದರು. ಮೇಲ್ಮೈ ಒಣಗುವುದರಿಂದ ಅಂಟುವುದಿಲ್ಲ. ಹೊಸದಾಗಿ ಮಾಡುವವರಿಗೆ ಇದೇ ಕ್ಷೇಮ.

ಹಾಕುವಾಗ ಅವಸರ ಬೇಡ. ಬೇಳೆ ಚೆನ್ನಾಗಿ ಕುದಿಯುತ್ತಿರಬೇಕು. ಕುದಿ ಉಕ್ಕುವ ಜಾಗಕ್ಕೇ ಒಂದೊಂದು ಹೋಳು ಬಿಡಿ. ನಾಲ್ಕೈದು ಬಿಟ್ಟ ಮೇಲೆ ಸೌಟಿನ ಹಿಂಬದಿಯಿಂದ ಮೆಲ್ಲಗೆ ಸರಿಸಿ, ಕುದಿ ಮರಳಿದ ನಂತರ ಮುಂದಿನವನ್ನು ಹಾಕಿ. ಮೊದಲು ಮುಳುಗಿದ ಹೋಳು ಸ್ವಲ್ಪ ಹೊತ್ತಿಗೆ ಅಂಚು ಎತ್ತಿಕೊಂಡು ಮೇಲೆ ತೇಲುತ್ತದೆ, ಮಂಕಾಗಿದ್ದ ಹಳದಿಗೆ ಹೊಳಪು ಬರುತ್ತದೆ. ಎಲ್ಲ ಹಾಕಿದ ಮೇಲೆ ಹತ್ತು ನಿಮಿಷ ಸಣ್ಣ ಕುದಿಯಲ್ಲಿ ಬಿಡಿ. ಒಂದನ್ನು ತೆಗೆದು ಮುರಿದು ನೋಡಿ: ನಡುವೆ ಬಿಳಿ ಗೆರೆ ಕಂಡರೆ ಇನ್ನೂ ಬೇಯಬೇಕು.

ಒಗ್ಗರಣೆಗೆ ತುಪ್ಪ, ಸಾಸಿವೆ, ಜೀರಿಗೆ, ಕಾಲು ಚಮಚ ಮೆಂತ್ಯ, ಎರಡು ಲವಂಗ, ಒಂದು ತುಂಡು ಚಕ್ಕೆ, ಒಣಮೆಣಸಿನಕಾಯಿ, ಇಂಗು, ಕರಿಬೇವು. ಇದನ್ನು ಹೋಳು ಹಾಕುವ ಮೊದಲೇ ಕೊಟ್ಟು, ಶುಂಠಿ ಮತ್ತು ಹಸಿಮೆಣಸಿನಕಾಯಿ ಜಜ್ಜಿ ಹಾಕಿ. ಪುಡಿ ಎಂದರೆ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಧಾಣಾಜೀರು, ಅಂದರೆ ಕೊತ್ತಂಬರಿ ಬೀಜ, ಜೀರಿಗೆಯದು ಮಾತ್ರ. ನಮ್ಮ ಸಾರಿನ ಪುಡಿ ಹಾಕಬೇಡಿ, ಅದರ ಪರಿಮಳ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ.

ಸೂರತ್‌ನಿಂದ

ವಡೋದರದ ಅಕ್ಕ ನೀರಿನ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಹುಳಿ, ಸಿಹಿಯ ಬಗ್ಗೆ ಹೇಳುತ್ತೇನೆ.

ಕೋಕಮ್ ಎಂದರೆ ನಮ್ಮ ಶಿರಸಿ ಕಡೆಯ ಮುರುಗಲು, ಮಂಗಳೂರಿನವರ ಪುನರ್ಪುಳಿ. ಊರಿನಿಂದ ಒಣಸಿಪ್ಪೆ ತಂದಿದ್ದರೆ ಅದೇ ಸಾಕು. ನಾಲ್ಕೈದು ಸಿಪ್ಪೆಯನ್ನು ತೊಳೆದು, ಬಿಸಿನೀರಿನಲ್ಲಿ ನೆನೆಸಿ, ನೀರಿನ ಸಮೇತ ಹಾಕಿ. ಬೇಳೆಯ ಜೊತೆ ಕುಕ್ಕರಿಗೆ ಮಾತ್ರ ಹಾಕಬೇಡಿ. ಹುಳಿ ಸೇರಿದರೆ ಬೇಳೆ ಮೆತ್ತಗಾಗುವುದು ತಡವಾಗುತ್ತದೆ. ಕೆಲವು ಕೋಕಮ್‌ಗೆ ಉಪ್ಪು ಹಚ್ಚಿರುತ್ತಾರೆ, ಆದ್ದರಿಂದ ಅದನ್ನು ಹಾಕಿದ ಮೇಲೆಯೇ ಉಪ್ಪು ನೋಡಿ. ಕೋಕಮ್ ಇಲ್ಲವಾದರೆ ನಿಂಬೆರಸ ನಡೆಯುತ್ತದೆ, ಒಲೆ ಆರಿಸಿದ ಮೇಲೆ ಹಿಂಡಿ. ಹುಣಸೆಹಣ್ಣು ಹಾಕುವ ಮನೆಗಳೂ ಇವೆ. ನನಗೆ ಅದು ಒಪ್ಪುವುದಿಲ್ಲ: ಬಣ್ಣ ಕಪ್ಪಾಗುತ್ತದೆ, ರುಚಿ ನಮ್ಮ ಹುಳಿಯ ಕಡೆಗೆ ವಾಲುತ್ತದೆ.

ಬೆಲ್ಲ ಎರಡು ದೊಡ್ಡ ಚಮಚದಿಂದ ಆರಂಭಿಸಿ. ಕೊನೆಯ ರುಚಿ ನೋಡಬೇಕಾದದ್ದು ಹೋಳು ಬೆಂದ ಮೇಲೆ. ಹಿಟ್ಟು ಉಪ್ಪು, ಹುಳಿ, ಸಿಹಿ ಮೂರನ್ನೂ ಹೀರಿಕೊಳ್ಳುವುದರಿಂದ ಮೊದಲು ಜೋರೆನಿಸಿದ್ದು ಆಮೇಲೆ ಸಪ್ಪೆಯಾಗಿರುತ್ತದೆ. ಒಂದು ಹಿಡಿ ಶೇಂಗಾ ಮರೆಯಬೇಡಿ. ಕುಕ್ಕರಿನೊಳಗೆ ಬೇರೆ ಬಟ್ಟಲಿನಲ್ಲಿ ಬೇಯಿಸಿ, ಬೇಳೆ ಕಡೆದ ಮೇಲೆ ಸೇರಿಸಿದರೆ ಇಡಿಯಾಗಿ ಉಳಿದು ಹಲ್ಲಿಗೆ ಸಿಗುತ್ತದೆ. ಇಲ್ಲಿನ ಮದುವೆ ಮನೆಯ ದಾಳ್‌ನಲ್ಲಿ ಸುವರ್ಣಗೆಡ್ಡೆ, ಉತ್ತತ್ತಿ ಕೂಡ ಇರುತ್ತದೆ. ನಾನು ಹಬ್ಬದ ದಿನ ಎರಡು ಉತ್ತತ್ತಿ ಸೀಳಿ ಹಾಕುತ್ತೇನೆ, ಬೆಲ್ಲ ಅಷ್ಟು ಕಡಿಮೆ ಸಾಕಾಗುತ್ತದೆ.

ರಾಜಕೋಟದಿಂದ

ಸಿಹಿ ಕಡ್ಡಾಯವೆಂದುಕೊಳ್ಳಬೇಡಿ. ನಮ್ಮ ನೆರೆಹೊರೆಯ ಕಾಠಿಯಾವಾಡಿ (ಸೌರಾಷ್ಟ್ರ ಸೀಮೆಯ) ಮನೆಗಳಲ್ಲಿ ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ ಮುಂದೆ, ಬೆಲ್ಲ ಹೆಸರಿಗಷ್ಟೆ. ನಾವು ಉತ್ತರ ಕರ್ನಾಟಕದವರು, ನಮಗೆ ಅದೇ ಹಿಡಿಸಿದೆ. ಬಡಿಸುವಾಗ ಹಸಿ ಈರುಳ್ಳಿ ಇರಲೇಬೇಕು. ಜ್ವರದಿಂದ ಎದ್ದ ಮಗುವಿಗೆ ಮಾತ್ರ ವಡೋದರದ ಅಕ್ಕನ ರೀತಿಯೇ ಸರಿ. ಹೋಳು ಇನ್ನಷ್ಟು ತೆಳ್ಳಗಿರಲಿ, ಲವಂಗ, ಚಕ್ಕೆ ಬಿಟ್ಟುಬಿಡಿ.

ಆಣಂದದಿಂದ

ಬೇಳೆಯ ಬಗ್ಗೆ ಯಾರೂ ಹೇಳಿಲ್ಲ. ಇಲ್ಲಿ ವಾಸದ್‌ನ ತೊಗರಿಬೇಳೆಗೆ ದೊಡ್ಡ ಹೆಸರು. ಗುಜರಾತಿನ ಅಂಗಡಿಗಳಲ್ಲಿ ಎಣ್ಣೆ ಹಚ್ಚಿದ್ದು, ಹಚ್ಚದ್ದು ಎರಡೂ ಸಿಗುತ್ತವೆ. ವರ್ಷಕ್ಕಾಗುವಷ್ಟು ಕೂಡಿಡುವಾಗ ಹುಳ ಹಿಡಿಯದಿರಲೆಂದು ಹರಳೆಣ್ಣೆ ಸವರಿಡುವುದು ಹಳೆಯ ಪದ್ಧತಿ. ಅಂಥ ಬೇಳೆ ಮುಟ್ಟಿದರೆ ಜಿಡ್ಡು ಹತ್ತುತ್ತದೆ. ಬಿಸಿನೀರಿನಲ್ಲಿ ಉಜ್ಜಿ ಮೂರು ನಾಲ್ಕು ಸಲ ತೊಳೆದ ಮೇಲೆಯೇ ಬೇಯಿಸಿ, ಇಲ್ಲದಿದ್ದರೆ ವಾಸನೆ ಉಳಿಯುತ್ತದೆ. ಊರಿಗೆ ಹೋದಾಗ ನಾನು ಕಲಬುರಗಿ ಬೇಳೆಯನ್ನೇ ತರುತ್ತೇನೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೇಳೆ ಅದು. ಈ ಅಡುಗೆಗೆ ಅದರ ಪರಿಮಳ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಅನುಕೂಲ ನೆನಪಿರಲಿ. ದಣಿದ ದಿನ ಹಿಟ್ಟು ಕಲಸಲೇಬೇಕೆಂದಿಲ್ಲ. ಬೆಳಗಿನ ಚಪಾತಿ ಉಳಿದಿದ್ದರೆ ಕತ್ತರಿಸಿ ಕುದಿಯುವ ಬೇಳೆಗೆ ಹಾಕಿ ಎರಡೇ ನಿಮಿಷಕ್ಕೆ ಇಳಿಸಿ, ನೀರು ಅಷ್ಟು ಬೇಕಾಗುವುದಿಲ್ಲ. ರಾತ್ರಿಗೆ ಮಿಕ್ಕ ಢೋಕ್ಳಿ ಮುದ್ದೆಯಂತಾಗಿರುತ್ತದೆ. ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿ, ಉಪ್ಪು ಮತ್ತು ನಿಂಬೆ ಸರಿಮಾಡಿ, ಮೇಲೆ ತುಪ್ಪ ಹಾಕಿ ಕೊಡಿ. ನಮ್ಮ ಮನೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ್ದಕ್ಕಿಂತ ಇದೇ ಇಷ್ಟ.