ಅಪ್‌ಡೇಟ್: ಗೋದಾಮಿನ ಕಂಪ್ಯೂಟರ್ ಸಿಕ್ಕಿತು, ಇಲ್ಲದಿದ್ದದ್ದು ವಾಪಸ್ ಬರುವ ದಾರಿ

ಹುಬ್ಬಳ್ಳಿ ದುರ್ಗದ ಬೈಲಿನ ನಮ್ಮ ಅಂಗಡಿಯಿಂದ ಅಮರಗೋಳ ಗೋದಾಮಿನ ಸ್ಟಾಕ್ ಕಂಪ್ಯೂಟರ್ ಸಿಗುತ್ತಿಲ್ಲ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಅಂಗಡಿಯದು 192.168.1.0 ನೆಟ್‌ವರ್ಕ್, ಗೋದಾಮಿನದು 192.168.2.0. ಎರಡು ರೌಟರ್‌ಗಳ ನಡುವಿನ ಲಿಂಕ್‌ನಲ್ಲಿ ಅಂಗಡಿ ರೌಟರ್‌ನ ವಿಳಾಸ 10.0.0.1, ಗೋದಾಮಿನದು 10.0.0.2. ಈಗ ಸರಿಹೋಗಿದೆ.

"ಕಂಪ್ಯೂಟರ್ ಬಿಡಿ, ಅಂಗಡಿ ರೌಟರ್‌ನಿಂದಲೇ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿ ನೋಡಿ" ಅಂದಿದ್ದಿರಲ್ಲ, ಅಲ್ಲೇ ಗಂಟು ಬಿಚ್ಚಿತು. ರೌಟರ್‌ನಿಂದ ಗೋದಾಮಿನ ರೌಟರ್‌ಗೆ ಪಿಂಗ್ ಹೋಯಿತು. ಅಂಗಡಿ ಕಂಪ್ಯೂಟರ್‌ನಿಂದ ಹೋಗಲಿಲ್ಲ. ದಾರಿಯಲ್ಲಿ ಸಿಗುವ ರೌಟರ್‌ಗಳನ್ನು ಸಾಲಾಗಿ ತೋರಿಸುವ ಟ್ರೇಸರ್ಟ್‌ನಲ್ಲಿ ಮೊದಲ ಸಾಲು 192.168.1.1, ಅಂದರೆ ಅಂಗಡಿ ರೌಟರ್; ಆಮೇಲೆ ಬರೀ ನಕ್ಷತ್ರಗಳು, ಅಂದರೆ ಉತ್ತರವಿಲ್ಲ.

ಅಂಗಡಿ ರೌಟರ್‌ನಿಂದ ಹೊರಟ ಪಿಂಗ್‌ನಲ್ಲಿ ಕಳಿಸಿದವರ ವಿಳಾಸ 10.0.0.1. ಅದು ಗೋದಾಮಿನ ರೌಟರ್‌ಗೆ ಪಕ್ಕದ ಮನೆ ಇದ್ದ ಹಾಗೆ, ಗೊತ್ತಿರುತ್ತದೆ. ಆದರೆ ಅಂಗಡಿ ಕಂಪ್ಯೂಟರ್‌ನ ಪಿಂಗ್ ಬರುವುದು 192.168.1.0 ನೆಟ್‌ವರ್ಕ್‌ನಿಂದ, ಅದು ಎಲ್ಲಿದೆ ಅಂತ ಗೋದಾಮಿನ ರೌಟರ್‌ಗೆ ಯಾರೂ ಹೇಳಿರಲಿಲ್ಲ. ಉತ್ತರವನ್ನೆಲ್ಲ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದಾಗ ಬಳಸುವ ದಾರಿ) ಹಿಡಿದು ಇಂಟರ್ನೆಟ್ ಕಡೆ ಕಳಿಸುತ್ತಿತ್ತು. ನಾನು ಮೂರು ದಿನ ಅಂಗಡಿ ಕಡೆಯ ಸೆಟ್ಟಿಂಗ್ ಮಾತ್ರ ನೋಡುತ್ತಾ ಕೂತಿದ್ದೆ.

ಗೋದಾಮಿನ ರೌಟರ್‌ನಲ್ಲಿ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದಿಡುವ ದಾರಿ) ಹಾಕಿದೆ: 192.168.1.0, ಮಾಸ್ಕ್ 255.255.255.0, ಗೇಟ್‌ವೇ 10.0.0.1, ಅಂದರೆ ಆ ನೆಟ್‌ವರ್ಕ್‌ಗೆ ಹೋಗುವುದನ್ನೆಲ್ಲ ಅಂಗಡಿ ರೌಟರ್‌ಗೆ ಕೊಡು ಅಂತ. ಅಂಗಡಿ ಕಂಪ್ಯೂಟರ್‌ನಿಂದ ಗೋದಾಮಿನ ರೌಟರ್‌ಗೆ ಮಾಡಿದ ಪಿಂಗ್‌ಗೆ ತಕ್ಷಣ ಉತ್ತರ ಬಂತು.

ಆದರೂ ಸ್ಟಾಕ್ ಕಂಪ್ಯೂಟರ್ ಉತ್ತರಿಸಲಿಲ್ಲ. ಅದರ ವಿಂಡೋಸ್ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ತನ್ನ ನೆಟ್‌ವರ್ಕ್‌ನ ಆಚೆಯಿಂದ ಬರುವ ಪಿಂಗ್ ಮತ್ತು ಫೈಲ್ ಶೇರಿಂಗ್ ಎರಡನ್ನೂ ತಡೆಯುತ್ತಿತ್ತು. ಫೈರ್‌ವಾಲ್ ಪೂರ್ತಿ ಆಫ್ ಮಾಡಲಿಲ್ಲ, ಆ ರೂಲ್‌ಗಳಿಗೆ 192.168.1.0 ಸೇರಿಸಿದೆ ಅಷ್ಟೇ.

ಕರೆಂಟ್ ಹೋಗಿ ಬಂದ ಮೇಲೂ ರೂಟ್ ಉಳಿದಿದೆ. ಬಿಲ್ ಹಾಕುವ ಹುಡುಗ ಈಗ ಸ್ಟಾಕ್ ಕೇಳೋಕೆ ಫೋನ್ ಮಾಡುತ್ತಿಲ್ಲ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.